ಹಳದಿ ಮನೆಯಲ್ಲಿ ತಿಂದ ಕೇಕು

ಗುಬ್ಬಿಯಲ್ಲಿ ನಮ್ಮದು ಬಣ್ಣದ ಅಂಗಡಿ. ಗಲ್ಲಾದಲ್ಲಿ ಕೂರುವವರು ನಮ್ಮ ಮನೆಯವರು, ಒಳಗೆ ಮಷೀನ್ ಮುಂದೆ ನಿಂತು ಬಣ್ಣ ಬೆರೆಸುವವಳು ನಾನು. ಹಾಗಲವಾಡಿ ಕಡೆಯ ಗಿರಾಕಿಗಳು ಹೊಸ ಮನೆಯ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ ಅಂತ ಅವರನ್ನು ಕೇಳುವುದಿಲ್ಲ, "ಅಕ್ಕ ಇಲ್ವಾ?" ಅಂತಾರೆ. ವ್ಯಾಪಾರ ಚೆನ್ನಾಗಿ ಆದ ಒಂದು ವರ್ಷ ಪೇಂಟ್ ಕಂಪನಿಯವರು ಒಳ್ಳೆ ಡೀಲರುಗಳನ್ನು ಆರಿಸಿ ಗಂಡ ಹೆಂಡತಿ ಇಬ್ಬರನ್ನೂ ಫಾರಿನ್ ಟೂರಿಗೆ ಕರೆದುಕೊಂಡು ಹೋದರು. ದುಬೈ ಇರಬಹುದು ಅಂದುಕೊಂಡಿದ್ದೆವು. ಅಲ್ಲ, ಅಮೆರಿಕಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತಿ ಕೆರಿಬಿಯನ್ ದ್ವೀಪಗಳನ್ನು ನೋಡಿಬರುವುದು.

ಆ ಪ್ರವಾಸದ ಒಂದು ದಿನದ ಸಂಗತಿ ಇದು. ಆ ಊರಿನ ಹೆಸರು ನೆನಪಿದೆ, ಆದರೆ ಬರೆಯುವುದಿಲ್ಲ. ಅಲ್ಲಿ ಆದದ್ದರಲ್ಲಿ ಆ ಊರಿನ ತಪ್ಪೇನೂ ಇರಲಿಲ್ಲ. ನನಗೆ ಹೇಸಿಗೆ ಹುಟ್ಟಿದ್ದು ನಮ್ಮವರ ಮೇಲೆ, ಕೊನೆಗೆ ನನ್ನ ಮೇಲೆ.

ಹೇಸಿಗೆ ಹಡಗಿನಲ್ಲೇ ಶುರುವಾಗಿತ್ತು. ಊಟದ ಹಾಲಿನಲ್ಲಿ ಏನು ಬೇಕಾದರೂ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ನಮ್ಮ ಗುಂಪಿನವರು ತಟ್ಟೆಯ ಮೇಲೆ ಗೋಪುರ ಕಟ್ಟಿಕೊಂಡು ಬಂದು, ಒಂದೊಂದು ತುತ್ತು ರುಚಿ ನೋಡಿ, "ಥೂ, ಉಪ್ಪಿಲ್ಲ" ಅಂತ ಹಾಗೇ ಬಿಟ್ಟು ಏಳುತ್ತಿದ್ದರು. ಒಬ್ಬರು ಕ್ರೀಮಿನ ಬಟ್ಟಲಿಗೆ ನೇರವಾಗಿ ಬೆರಳು ಅದ್ದಿ ನೆಕ್ಕಿದ್ದನ್ನು ನಾನೇ ಕಂಡೆ. ನಮ್ಮ ಮನೆಯವರು ಬೆಳಗ್ಗೆ ಎದ್ದು ಬೇಸಿನ್ ಮುಂದೆ ನಿಂತು ಕ್ಯಾಕರಿಸಿದರೆ ಅಕ್ಕಪಕ್ಕದ ರೂಮುಗಳಿಗೆಲ್ಲ ಕೇಳಬೇಕು. ಗುಬ್ಬಿಯ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಕೇಳಿದ ಸದ್ದೇ ಅದು. ಅಲ್ಲಿ ಹಿತ್ತಲ ಬಚ್ಚಲಿನಿಂದ ಬರುವಾಗ ಅಷ್ಟು ಗಮನಕ್ಕೆ ಬರುತ್ತಿರಲಿಲ್ಲ. ಹಡಗಿನ ಆ ಬಿಳಿ ಬಿಳಿ ಗೂಡಿನಲ್ಲಿ ಕೇಳಿದಾಗ ಕಿವಿಗೆ ದಿಂಬು ಒತ್ತಿಕೊಂಡೆ.

ನಾಲ್ಕನೇ ದಿನ ಬೆಳಗ್ಗೆ ಹಡಗು ಆ ಊರಿನಲ್ಲಿ ನಿಂತಿತು. ಡೆಕ್ಕಿನಿಂದ ನೋಡಿದೆ. ನೀರಿನ ದಂಡೆಯ ಉದ್ದಕ್ಕೂ ಮನೆಗಳು, ಒಂದು ಹಳದಿ, ಪಕ್ಕದ್ದು ಗುಲಾಬಿ, ಅದರಾಚೆ ನೀಲಿ, ಗಿಣಿ ಹಸಿರು, ಮತ್ತೆ ಕಿತ್ತಳೆ. ಕಿಟಕಿಗಳಿಗೆಲ್ಲ ಬಿಳಿ ಚೌಕಟ್ಟು. ನನ್ನ ಕಣ್ಣು ತುಂಬಿ ಬಂತು. ನಾನು ದಿನವಿಡೀ ಬೆರೆಸುವುದು ಕ್ರೀಮು, ಬೂದು, ತೆಳು ಹಸಿರು. "ಗಾಢ ಬೇಡಕ್ಕ, ಜನ ಏನಂತಾರೆ" ಅಂತಾರೆ ನಮ್ಮ ಕಡೆಯವರು. ಇಲ್ಲಿ ಯಾರೂ ಯಾರನ್ನೂ ಕೇಳದೆ ಮನಸ್ಸಿಗೆ ಬಂದದ್ದನ್ನು ಬಳಿದುಕೊಂಡಿದ್ದರು. ಆ ಇಡೀ ಪ್ರವಾಸದಲ್ಲಿ ನನಗೆ ಸಂತೋಷ ಆಗಿದ್ದು ಆ ಐದು ನಿಮಿಷ.

ಇಳಿಯುವ ಮುಂಚೆ ಟೂರ್ ಮ್ಯಾನೇಜರ್ ಎಲ್ಲರಿಗೂ ಹೇಳಿದರು, "ನಾಲ್ಕು ಗಂಟೆಗೆ ವಾಪಸ್ ಇರ್ಬೇಕು. ಚರ್ಚ್ ಹಿಂದಿನ ಬೀದೀಲಿ ಒಂದು ಹಳದಿ ಮನೆ ಇದೆ, ನೀಲಿ ಬಾಗಿಲು. ಹಳೇ ಕಾಲದ ಮನೆ, ಒಳಗೆ ಹೋಗಿ ನೋಡಬಹುದು, ಅಲ್ಲಿ ರಮ್ ಕೇಕ್ ಫ್ರೀ ಆಗಿ ಟೇಸ್ಟ್‌ಗೆ ಕೊಡ್ತಾರೆ." ಫ್ರೀ ಅಂದ ಕೂಡಲೇ ನಮ್ಮ ಮನೆಯವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ನಮ್ಮ ಜೊತೆ ಬಂದದ್ದು ಕುಣಿಗಲ್‌ನ ಡೀಲರ್ ಮತ್ತು ಅವರ ಹೆಂಡತಿ. ನಮಗಿಂತ ಸ್ವಲ್ಪ ಚಿಕ್ಕವರು. ಒಂದೇ ಜಿಲ್ಲೆಯವರು ಅಂತ ಏರ್‌ಪೋರ್ಟಿನಿಂದಲೇ ಅಂಟಿಕೊಂಡಿದ್ದೆವು. ಆತ ನನ್ನನ್ನು ಅತ್ತಿಗೆ ಅಂತಿದ್ದರು, ಆಕೆ ಅಕ್ಕ ಅಂತಿದ್ದಳು. ನಾಲ್ವರೂ ಕಂಪನಿ ಕೊಟ್ಟ ಕೆಂಪು ಟೀ ಶರ್ಟ್ ಹಾಕಿದ್ದೆವು. ನನಗೆ ಚೂಡಿದಾರದ ಮೇಲೆ.

ಬೀದಿಗೆ ಇಳಿದ ಮೇಲೆ ಕುಣಿಗಲ್‌ನವರು ಮೊದಲು ಮಾಡಿದ ಕೆಲಸ ಒಂದು ಗುಲಾಬಿ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ್ದು. ಒಂದು ಹಕ್ಕಳೆ ಎದ್ದು ಬಂತು. "ಬಣ್ಣದ ಕೆಳಗೆ ಪ್ರೈಮರೇ ಹೊಡೆದಿಲ್ಲ ಅಣ್ಣ, ಬರೀ ಶೋಕಿ," ಅಂತ ಅದನ್ನು ನಮ್ಮ ಮನೆಯವರಿಗೆ ತೋರಿಸಿದರು. ಇಬ್ಬರೂ ನಕ್ಕರು. ಗೋಡೆಯಲ್ಲಿ ಬೆರಳಗಲದ ಬಿಳಿ ಗಾಯ ಉಳಿಯಿತು. ನಮ್ಮವರು ಬಾಯಲ್ಲಿದ್ದ ಅಡಿಕೆಪುಡಿ ಅಗಿದು ಮುಗಿಸಿ ಅದೇ ಗೋಡೆಯ ಬುಡಕ್ಕೆ ಉಗಿದರು.

"ರೀ, ಇಲ್ಲಿ ಯಾರೂ ಉಗಿಯೋದಿಲ್ಲ," ಅಂದೆ.

"ಸಮುದ್ರದ ಊರು ಕಣೇ, ಮಳೆ ಬಂದ್ರೆ ಎಲ್ಲಾ ತೊಳ್ಕೊಂಡು ಹೋಗುತ್ತೆ."

ಸ್ವಲ್ಪ ಮುಂದೆ ಒಬ್ಬಾಕೆ ತಳ್ಳುಗಾಡಿಯಲ್ಲಿ ಎಳನೀರು ಮಾರುತ್ತಿದ್ದಳು. ಗಟ್ಟಿಮುಟ್ಟಾದ ಕಪ್ಪು ಹೆಂಗಸು, ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡಿದ್ದಳು. ತೆಂಗಿನ ಸೀಮೆಯವರಿಗೆ ಎಳನೀರು ಕಂಡರೆ ಬಿಡುವುದಕ್ಕೆ ಆಗುತ್ತದೆಯೇ? ಆಕೆ ಕೊಚ್ಚುವ ರೀತಿ ನೋಡುತ್ತ ನಿಂತೆ, ನಮ್ಮ ಕಡೆಯವರಷ್ಟೇ ಚೆನ್ನಾಗಿ ಕೊಚ್ಚುತ್ತಿದ್ದಳು. ಅಷ್ಟರಲ್ಲಿ ಕುಣಿಗಲ್‌ನವರು ಫೋನಿನಲ್ಲಿ ನಮ್ಮ ಕಂಪನಿಯ ಶೇಡ್ ಕಾರ್ಡ್, ಅಂದರೆ ನಂಬರ್ ಹಾಕಿದ ಬಣ್ಣಗಳ ಪಟ್ಟಿ, ತೆಗೆದು, ಕಪ್ಪು ಕಂದು ಬಣ್ಣಗಳ ಪುಟವನ್ನು ಆಕೆಯ ತೋಳಿನ ಪಕ್ಕ ಹಿಡಿದರು. "ಅಣ್ಣ, ಯಾವ ನಂಬರ್ ಮ್ಯಾಚ್ ಆಗುತ್ತೆ ಹೇಳಿ ನೋಡೋಣ?"

ನಮ್ಮವರು ಬಗ್ಗಿ ನೋಡಿ ಒಂದು ನಂಬರ್ ಹೇಳಿದರು. ಕುಣಿಗಲ್‌ನವರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಆ ಹೆಂಗಸು ಅವರು ಏನೋ ಚಿತ್ರ ತೋರಿಸುತ್ತಿದ್ದಾರೆ ಅಂದುಕೊಂಡು ತಾನೂ ಫೋನ್ ನೋಡಿ ನಕ್ಕು, "ನೈಸ್, ನೈಸ್" ಅಂದಳು. ಆಗ ನನಗೂ ನಗು ಬಂತು. ಯಾಕೆ ಬಂತೋ ಇವತ್ತಿಗೂ ತಿಳಿಯದು. ಬಂದದ್ದಂತೂ ನಿಜ. ಕುಡಿಯುತ್ತಿದ್ದ ಎಳನೀರು ಮೂಗಿಗೆ ಹತ್ತಿ ಕೆಮ್ಮಿದೆ, ಆಕೆ ಗಾಬರಿಯಾಗಿ ನನ್ನ ಬೆನ್ನು ಸವರಿದಳು. ಅದೇ ತೋಳು.

ಅಲ್ಲಿಂದ ಮುಂದೆ ನಡೆದೆವು. ಚರ್ಚಿನ ಹಿಂದಿನ ಬೀದಿಗೆ ಬಂದೆವು. ಹಳದಿ ಮನೆ ಕಂಡಿತು, ನೀಲಿ ಬಾಗಿಲು, ಪೂರ್ತಿ ತೆರೆದಿತ್ತು. ಒಳಗಿಂದ ಕಾಫಿಯ ವಾಸನೆ ಬರುತ್ತಿತ್ತು. ಜಗುಲಿಯ ಮೇಲೆ ಕರಿ ಕೋಟು ಹಾಕಿದ ಇಬ್ಬರು ಗಂಡಸರು ನಿಂತಿದ್ದರು. ನಮ್ಮನ್ನು ನೋಡಿ ಸ್ವಲ್ಪ ಸರಿದು ದಾರಿ ಬಿಟ್ಟರು.

ಒಳಗೆ ಹತ್ತು ಹನ್ನೆರಡು ಜನ ಕೂತಿದ್ದರು. ಹೆಂಗಸರೆಲ್ಲ ಕಪ್ಪು ಬಿಳಿ ಬಟ್ಟೆ, ತಲೆಗೆ ಟೋಪಿ. "ನೋಡ್ರೀ, ಹಳೇ ಕಾಲದ ಡ್ರೆಸ್ ಹಾಕ್ಸವ್ರೆ," ಅಂದಳು ಕುಣಿಗಲ್‌ನವಳು. ನನಗೂ ಹಾಗೇ ಅನ್ನಿಸಿತು. ಗೋಡೆ ಪಕ್ಕದ ಮೇಜಿನ ಮೇಲೆ ಬ್ರೆಡ್ಡು, ಕರಿದ ಮೀನು, ಕಪ್ಪಗೆ ಹೊಳೆಯುವ ಕೇಕು. ಮೊಟ್ಟೆ ಇರುತ್ತದೆ ಅಂತ ಗೊತ್ತಿದ್ದೂ ಕೇಕು ತಿನ್ನುವ ಸಸ್ಯಾಹಾರಿಗಳು ನಾವು. ನಮ್ಮವರು ಎರಡು ತುಂಡು ತೆಗೆದು ಒಂದನ್ನು ನನ್ನ ಕೈಗಿಟ್ಟರು. ತಿಂದೆ. ಒದ್ದೆ ಒದ್ದೆಯಾಗಿ, ಸಿಹಿಯಾಗಿ, ಗಂಟಲಲ್ಲಿ ಸಣ್ಣಗೆ ಉರಿಯಿತು. ಕುಣಿಗಲ್‌ನವರು ಮೀನು ತೆಗೆದುಕೊಂಡರು. ಯಾರೂ ತಡೆಯಲಿಲ್ಲ. ಎಲ್ಲರೂ ಸುಮ್ಮನೆ ನಮ್ಮನ್ನೇ ನೋಡುತ್ತಿದ್ದರು.

ಕಿಟಕಿಯ ಹತ್ತಿರ ಒಂದು ದೊಡ್ಡ ಕುರ್ಚಿಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು ಕೂತಿದ್ದರು. ನಮ್ಮವರು ಕೇಕಿನ ತುಂಡು ಹಿಡಿದೇ ಅವರ ಕುರ್ಚಿಯ ತೋಳಿನ ಮೇಲೆ ಒರಗಿ, ಹಲ್ಲು ಬಿಟ್ಟು, ಸೆಲ್ಫಿ ತೆಗೆದುಕೊಂಡರು. ಅಜ್ಜಿ ಅವರ ಕೈ ಹಿಡಿದುಕೊಂಡು, "ಬಂದಿರಲ್ಲ, ಥ್ಯಾಂಕ್ಯೂ" ಅಂತ ಇಂಗ್ಲಿಷಿನಲ್ಲಿ ಅಂದರು. "ವೆಲ್ಕಮ್, ವೆಲ್ಕಮ್," ಅಂದರು ನಮ್ಮವರು.

ಆಗ ಒಳಕೋಣೆಯಿಂದ ಕುಣಿಗಲ್‌ನವಳ ಕಿರುಚಾಟ ಕೇಳಿತು. ಮನೆ ನೋಡುವುದಕ್ಕೆ ಅಂತ ಒಬ್ಬಳೇ ಒಳಗೆ ಹೋಗಿದ್ದಳು. "ಹೆಣ! ಅಯ್ಯಯ್ಯೋ, ಹೆಣ ಇಟ್ಟವ್ರೆ ಕಣ್ರೀ!"

ಬಾಗಿಲ ಸಂದಿಯಲ್ಲಿ ನನಗೂ ಕಂಡಿತು. ತೆರೆದ ಪೆಟ್ಟಿಗೆ, ಅದರಲ್ಲಿ ಕಂದು ಕೋಟಿನ ಮುದುಕರೊಬ್ಬರು, ಎದೆಯ ಮೇಲೆ ಮಡಿಸಿಟ್ಟ ಕೈಗಳು. ಟೂರ್ ಮ್ಯಾನೇಜರ್ ಹೇಳಿದ ಮನೆ ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಇತ್ತಂತೆ. ಅದೂ ಹಳದಿಯೇ, ಬಾಗಿಲೂ ನೀಲಿಯೇ.

ಕೂತಿದ್ದವರೆಲ್ಲ ಎದ್ದು ನಿಂತರು. ನಮ್ಮ ನಾಲ್ವರಲ್ಲಿ ಒಬ್ಬರೂ ಸಾರಿ ಅನ್ನಲಿಲ್ಲ. ಬೆದರಿದ ದನಗಳ ಹಾಗೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೆ ಓಡಿದೆವು.

ಬೀದಿಯ ತಿರುವಿನಲ್ಲಿ ನಿಂತು ಅವರು ಮಾಡಿದ್ದನ್ನು ಮರೆಯಲಾಗುವುದಿಲ್ಲ. ಕುಣಿಗಲ್‌ನವಳು ಬಾಟಲಿಯ ನೀರನ್ನು ತಲೆಗೆ ಚಿಮುಕಿಸಿಕೊಂಡು, ಗಂಡನ ತಲೆಗೂ ಚಿಮುಕಿಸಿದಳು. ಆತ ಗಂಟಲಿಗೆ ಎರಡು ಬೆರಳು ಹಾಕಿ ತಿಂದ ಮೀನನ್ನು ಚರಂಡಿಗೆ ಕಕ್ಕಿದರು. ನಮ್ಮವರು ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿದರು. "ಯಾವ ಜಾತಿಯೋ ಏನೋ, ಸಾವಿನ ಮನೇಲಿ ತಿಂದ್ಬಿಟ್ವಲ್ಲೋ! ಊರಿಗೆ ಹೋದ ತಕ್ಷಣ ಶಾಂತಿ ಮಾಡ್ಸಬೇಕು."

ಕುಣಿಗಲ್‌ನವರ ವಾಂತಿಯ ವಾಸನೆಗೆ ನನಗೂ ತಡೆಯಲಾಗಲಿಲ್ಲ. ಗೋಡೆ ಹಿಡಿದು ಕೂತು ವಾಂತಿ ಮಾಡಿಕೊಂಡೆ. ಕೇಕೂ ಬಂತು, ಎಳನೀರೂ ಬಂತು. ಬಾಯಿ ಒರೆಸಿಕೊಂಡು, "ರೀ, ವಾಪಸ್ ಹೋಗಿ ತಪ್ಪಾಯ್ತು ಅಂತ ಹೇಳಿ ಬರೋಣ," ಅಂದೆ.

"ತಲೆ ಕೆಟ್ಟಿದ್ಯಾ? ಓಡಿ ಬಂದಿರೋದೇ ದೊಡ್ಡದು. ಅವ್ರಿಗೇನು ನಮ್ ಅಡ್ರೆಸ್ ಗೊತ್ತಾ?"

"ಅತ್ತಿಗೆ, ಹಡಗಿಗೆ ಹೋಗಿ ಮೊದ್ಲು ಸ್ನಾನ ಮಾಡಣ," ಅಂದರು ಕುಣಿಗಲ್‌ನವರು. ಆಮೇಲೆ ಅವರಿಗೇ ಏನನ್ನಿಸಿತೋ, ನಮ್ಮವರ ಭುಜ ತಟ್ಟಿ, "ವೆಲ್ಕಮ್ ಅಂದ್ರಲ್ಲ ಅಣ್ಣ, ನೀವು!" ಅಂತ ನಗುವುದಕ್ಕೆ ಶುರು ಮಾಡಿದರು. ನಮ್ಮವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ನಿಮಿಷದ ಹಿಂದೆ ಮುಕ್ಕಳಿಸಿ ಉಗಿದ ಬಾಯಿ, ಗಲ್ಲದ ಮೇಲೆ ಇನ್ನೂ ಜೊಲ್ಲು, ಅದರಲ್ಲೇ ನಗು. ನಾನು ಆ ಮುಖದ ಪಕ್ಕ ಇಪ್ಪತ್ತೆಂಟು ವರ್ಷ ಮಲಗಿದ್ದೇನೆ. ಅವತ್ತು ಅದು ಯಾರದೋ ಮುಖ ಅನ್ನಿಸಿತು.

ಅವರನ್ನು ಅಲ್ಲೇ ಬಿಟ್ಟು ನಾನೊಬ್ಬಳೇ ವಾಪಸ್ ಹೋದೆ. ಕೆಂಪು ಟೀ ಶರ್ಟ್ ಬಿಚ್ಚಿ ಬ್ಯಾಗಿಗೆ ತುರುಕಿಕೊಂಡಿದ್ದೆ. ಜಗುಲಿಯಲ್ಲಿದ್ದ ಗಂಡಸರು ಈ ಸಲ ಸರಿಯಲಿಲ್ಲ. ಒಳಗಿಂದ ನನ್ನ ವಯಸ್ಸಿನ ಒಬ್ಬ ಹೆಂಗಸು ಬಂದಳು. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದೆ, "ನಮಗೆ ಗೊತ್ತಾಗಲಿಲ್ಲ. ಅಂಗಡಿ ಅಂದುಕೊಂಡೆವು. ದಯವಿಟ್ಟು ಕ್ಷಮಿಸಿ."

ನನಗೆ ಅರ್ಥವಾಗಲಿ ಅಂತ ಆಕೆ ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು. ತೀರಿಹೋದವರು ಅವಳ ತಂದೆ. ಕುರ್ಚಿಯಲ್ಲಿದ್ದವರು ತಾಯಿ. ತಾಯಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬಂದವರು ಗಂಡನ ಹಳೆಯ ಸ್ನೇಹಿತರು ಅಂದುಕೊಂಡಿದ್ದಾರೆ. ಈಗಲೂ ಹಾಗೇ ಅಂದುಕೊಂಡಿದ್ದಾರೆ, ಅವಳು ತಿದ್ದಿಲ್ಲ.

"ತಿಂದದ್ದಕ್ಕೆ ಬೇಜಾರಿಲ್ಲ," ಅಂದಳು. "ಬಂದವರಿಗೆ ಅಂತಲೇ ಇಟ್ಟದ್ದು ಅದು. ಆದರೆ ನಿಮ್ಮ ಜೊತೆ ಬಂದವರೊಬ್ಬರು ನನ್ನ ಅಮ್ಮನ ಫೋಟೋ ತೆಗೆದರು. ಅದನ್ನು ಅಳಿಸಿಬಿಡಿ."

"ಅಳಿಸ್ತೀನಿ. ಖಂಡಿತ ಅಳಿಸ್ತೀನಿ."

"ಒಳಗೆ ಬನ್ನಿ. ಅಮ್ಮನ ಹತ್ತಿರ ಸ್ವಲ್ಪ ಕೂತುಕೊಳ್ಳಿ."

ಹೊಸ್ತಿಲಿನ ಈಚೆ ನನ್ನ ಕಾಲು. ನಾನು ಕೈಗಡಿಯಾರ ತೋರಿಸಿ, "ಹಡಗು ಹೊರಡುತ್ತೆ" ಅಂದೆ. ಹಡಗು ಹೊರಡುವುದಕ್ಕೆ ಇನ್ನೂ ಮೂರು ಗಂಟೆ ಇತ್ತು. ಆಕೆಗೂ ಗೊತ್ತಿತ್ತು. ಆ ಊರಿನವರಿಗೆ ಹಡಗುಗಳ ಹೊತ್ತು ಗೊತ್ತಿಲ್ಲದೆ ಇರುತ್ತದೆಯೇ? ತಲೆಯಾಡಿಸಿ ಒಳಗೆ ಹೋದಳು.

ಹಡಗಿನಲ್ಲಿ ಕುಣಿಗಲ್‌ನ ಗಂಡ ಹೆಂಡತಿ, ನಮ್ಮವರು, ಮೂವರೂ ಹಾಕಿದ ಬಟ್ಟೆಯಲ್ಲೇ ಈಜುಕೊಳಕ್ಕೆ ಇಳಿದು ಮೂರು ಮೂರು ಸಲ ಮುಳುಗಿ ಎದ್ದರು. ಪಕ್ಕದಲ್ಲಿ ಯಾರೋ ವಿದೇಶಿ ಮಕ್ಕಳು ಆಡುತ್ತಿದ್ದರು. ವಾಂತಿಯ ಕಲೆ ಇದ್ದ ಕುಣಿಗಲ್‌ನವರ ಶರ್ಟು ನೀರಿನಲ್ಲಿ ಉಬ್ಬಿ ತೇಲಿತು. ಹಡಗಿನ ಸಿಬ್ಬಂದಿ ಬಂದು ಸೀಟಿ ಊದಿ ಹೊರಗೆ ಕರೆದರು. ಸ್ನಾನ ಆಯ್ತಲ್ಲ ಅಂತ ಮೂವರೂ ಸಮಾಧಾನವಾಗಿ ಎದ್ದು ಬಂದರು.

ರೂಮಿನಲ್ಲಿ ನಮ್ಮವರ ಫೋನ್ ಕೇಳಿದೆ. "ಆ ಅಜ್ಜಿ ಫೋಟೋ ತೆಗೆದುಹಾಕಿ."

"ಆಗ್ಲೇ ಅಳಿಸ್ದೆ ಕಣೇ. ಸಾವಿನ ಮನೆ ಫೋಟೋ ಯಾರಾದ್ರೂ ಇಟ್ಕೋತಾರಾ?"

ನಿಜವಾಗಿಯೂ ಅಳಿಸಿದ್ದರು. ಆದರೆ ಅದಕ್ಕೆ ಮುಂಚೆ, ಬಂದರಿನ ಬಾಗಿಲಲ್ಲಿ ವೈಫೈ ಸಿಕ್ಕಾಗ, ಡೀಲರುಗಳ ಗ್ರೂಪಿಗೆ ಕಳಿಸಿಬಿಟ್ಟಿದ್ದರು. ತುಮಕೂರಿನ ಡೀಲರೊಬ್ಬರು ಹಲ್ಲು ಕಿರಿಯುವ ಬೊಂಬೆಗಳ ಸಾಲನ್ನೇ ಹಾಕಿದ್ದರು. ಕಂಪನಿಯ ಅಂತರಸನಹಳ್ಳಿ ಗೋಡೌನಿನವರು "ಯಾರ್ ಸಾರ್ ಆ ಬ್ಯೂಟಿ?" ಅಂತ ಕೇಳಿದ್ದರು. ನಾನು ಆ ಗ್ರೂಪಿನಲ್ಲಿರಲಿಲ್ಲ, ಅವರ ಫೋನಿನಲ್ಲೇ ನೋಡಿದೆ. ಆದದ್ದು ಆಯ್ತು ಬಿಡು ಅಂದರು ನಮ್ಮವರು. ನಾನು ಅತ್ತೆ, ಬೈದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಏನು ಮಾಡಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ತಲೆಗೆ ನೀರು ಹಾಕಿಕೊಂಡೆ. ಯಾರೂ ಹೇಳಲಿಲ್ಲ, ಕೈ ತಾನಾಗಿ ನಲ್ಲಿ ತಿರುಗಿಸಿತು. ಉಟ್ಟ ಬಟ್ಟೆಯನ್ನೂ ನೆನೆಸಿಟ್ಟೆ.

ಊರಿಗೆ ಬಂದ ಮೇಲೆ ಅದು ನಮ್ಮವರ ಅಂಗಡಿಯ ಕಥೆ ಆಯಿತು. ಗೋಡೆಗೆ ಮೆತ್ತುವ ಪುಟ್ಟಿ ಕೊಳ್ಳಲು ಬಂದವರಿಗೂ ಹೇಳುತ್ತಿದ್ದರು, ಬ್ರಶ್ ಕೊಳ್ಳಲು ಬಂದವರಿಗೂ ಹೇಳುತ್ತಿದ್ದರು. "ಕೇಕ್ ತಿಂದು, ವೆಲ್ಕಮ್ ವೆಲ್ಕಮ್ ಅಂದ್ಬಿಟ್ಟೆ ಕಣ್ರೀ!" ಪ್ರತಿ ಸಲ ಅದೇ ಜಾಗದಲ್ಲಿ ಜನ ನಗುತ್ತಿದ್ದರು. ಎಳನೀರಿನವಳ ವಿಷಯ ಅವರ ಕಥೆಯಲ್ಲಿ ಬರುತ್ತಿರಲಿಲ್ಲ. ನಾನು ಒಳಗೆ ಮಷೀನ್ ಆನ್ ಮಾಡುತ್ತಿದ್ದೆ. ಡಬ್ಬಿ ಗರಗರ ಅಲುಗುವ ಸದ್ದಿನಲ್ಲಿ ಉಳಿದದ್ದು ಕೇಳುತ್ತಿರಲಿಲ್ಲ.

ನಾಲ್ಕೈದು ತಿಂಗಳಾದ ಮೇಲೆ ಕುಣಿಗಲ್‌ನಲ್ಲಿದ್ದ ನಮ್ಮವರ ಚಿಕ್ಕಪ್ಪ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಹಡಗಿನ ವಿಚಾರ ಎತ್ತಿದರು. ಅಷ್ಟು ಸಾಕಾಯಿತು. ಹೋಳಿಗೆ ಬಾಯಲ್ಲಿಟ್ಟುಕೊಂಡೇ ನಮ್ಮವರು ಶುರು ಮಾಡಿದರು. ತಿಂದು ಮುಗಿಸುವ ವ್ಯವಧಾನ ಇಲ್ಲ, ಹೂರಣ ಹಲ್ಲಿಗೆ ಮೆತ್ತಿಕೊಂಡಿದೆ, ಕೈ ಆಡಿಸುತ್ತ ಆ ಅಜ್ಜಿಯ ಹಾಗೆ ಮುಖ ಮಾಡಿ ತೋರಿಸುತ್ತಿದ್ದಾರೆ. ಪಂಕ್ತಿಯೆಲ್ಲ ನಗುತ್ತಿದೆ. ನನಗೆ ಎಲೆಯ ಮುಂದೆ ಕೂರಲಾಗಲಿಲ್ಲ. ಅರ್ಧಕ್ಕೆ ಎದ್ದು ಕೈ ತೊಳೆದು ಒಳಕೋಣೆಗೆ ಹೋದೆ.

ಚಿಕ್ಕಮ್ಮ ಗೋಡೆಗೆ ಒರಗಿ ಕೂತಿದ್ದರು. ನಗು ಅವರಿಗೂ ಕೇಳಿತ್ತು. "ಏನವ್ವ ಅದು? ಏನ್ ಹೇಳ್ತಾವ್ನೆ?"

ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದೆ. ತೋಳಿನ ಪಕ್ಕ ಹಿಡಿದ ಬಣ್ಣ, ನನ್ನ ನಗು, ಕೇಕು, ಫೋಟೋ, ವಾಪಸ್ ಹೋದದ್ದು. ಅದುವರೆಗೆ ಯಾರಿಗೂ ಹಾಗೆ ಹೇಳಿರಲಿಲ್ಲ. ಮುಗಿದ ಮೇಲೆ ಚಿಕ್ಕಮ್ಮ ಕೇಳಿದರು, "ವಾಪಸ್ ಹೋದ್ಯಲ್ಲ, ಆ ಯಮ್ಮನ ಹತ್ರ ಕೂತ್ಕೊಂಡ್ಯಾ?"

"ಇಲ್ಲ ಚಿಕ್ಕಮ್ಮ. ಬಾಗಿಲಲ್ಲೇ ನಿಂತಿದ್ದೆ."

"ಕರೀಲಿಲ್ವಾ?"

"ಕರೆದ್ರು."

"ಮತ್ಯಾಕೆ ಹೋಗ್ಲಿಲ್ಲ?"

ಇದ್ದದ್ದನ್ನೇ ಹೇಳಿದೆ, "ಮೈಲಿಗೆ ಅಂತ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಕೂತ್ಕೋಬೇಕಿತ್ತು ಕಣವ್ವ, ಒಂದೈದು ನಿಮಿಷ," ಅಂದರು. "ಇಷ್ಟು ಜನ ಬಂದವ್ರೆ ನೋಡು ಇವತ್ತು. ಕಾಲಿಗೆ ಬೀಳ್ತಾರೆ, ಉಣ್ಣಕ್ಕೆ ಹೋಯ್ತಾರೆ. ಕೂತ್ಕೊಳ್ಳೋರು ಯಾರಿದಾರೆ?"

ನಾನು ಅವರ ಪಕ್ಕ ಕೂತೆ. ಹೊರಗೆ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು.

ಗುಬ್ಬಿಗೆ ಬರುವ ದಾರಿಯಲ್ಲಿ, ಕಾರಿನಲ್ಲಿ, ನಮ್ಮವರು ಕೇಳಿದರು, "ಊಟ ಅರ್ಧಕ್ಕೆ ಬಿಟ್ಟು ಯಾಕೆ ಎದ್ದೆ?"

"ನಿಮ್ಮ ಬಾಯಿ ನೋಡಿ ವಾಕರಿಕೆ ಬಂತು," ಅಂದೆ.

ತಮಾಷೆ ಅಂದುಕೊಂಡು ನಗಲು ಹೋದರು, ನನ್ನ ಮುಖ ನೋಡಿ ನಿಲ್ಲಿಸಿದರು. ಅಂಗಡಿಯಲ್ಲಿ ನಾನಿರುವಾಗ ಮತ್ತೆ ಆ ಕಥೆ ಹೇಳಿಲ್ಲ. ನಾನಿಲ್ಲದಾಗ ಹೇಳುತ್ತಾರೆ ಅಂತ ಗೊತ್ತು. ಮೊನ್ನೆ ಊರ್ಡಿಗೆರೆಯಿಂದ ಬಂದ ಗಿರಾಕಿಯೊಬ್ಬರು ಗೋಡೆ ಬಣ್ಣದ ರೇಟು ಕೇಳುತ್ತ, "ಅಕ್ಕಾ, ಅದೇನೋ ಸಾವಿನ ಮನೇಲಿ ಕೇಕ್ ತಿಂದ್ರಂತೆ?" ಅಂತ ನಗುತ್ತ ಕೇಳಿದರು. ಹೌದು ಅಂದೆ. ಯಾವ ಬಣ್ಣ ಬೇಕು ಅಂತ ಕೇಳಿದೆ.